ಸಲೀಸಾದ ಇಂಗ್ಲಿಷಿನಲ್ಲಿ ಜಾರಿದ ಲೆಕ್ಕ

ಫ್ರೆಂಚ್ ಕಂಪನಿಗಳ ವಾರ್ಷಿಕ ಲೆಕ್ಕಪತ್ರದ ಇಂಗ್ಲಿಷ್ ಪ್ರತಿ ಕೈಗೆ ಬಂದರೆ ನಾನು ಮೊದಲು ನೋಡುವುದು ಲಾಭದ ಅಂಕಿಯನ್ನಲ್ಲ, ಆಡಿಟರ್ ವರದಿಯ ನೆತ್ತಿಯ ಮೇಲಿನ ಸಣ್ಣಕ್ಷರದ ಟಿಪ್ಪಣಿಯನ್ನು. ಇದು ಫ್ರೆಂಚ್ ವರದಿಯ ಮುಕ್ತ ಅನುವಾದ, ಇಂಗ್ಲಿಷ್ ಓದುಗರ ಅನುಕೂಲಕ್ಕೆ ಮಾತ್ರ ಎಂದು ಅಲ್ಲಿರುತ್ತದೆ. ಕೈ ತೊಳೆದುಕೊಳ್ಳುವ ಮಾತೇ ಸರಿ. ಆದರೂ ಅನುವಾದಕ ತಾನೊಬ್ಬನಿದ್ದೇನೆಂದು ಒಪ್ಪಿಕೊಳ್ಳುವುದು ಅಲ್ಲಿ ಮಾತ್ರ; ಮುಂದಿನ ಪುಟಗಳಲ್ಲಿ ಆಸಾಮಿ ಮಾಯ. ನನ್ನ ತಕರಾರು ಅದರ ಬಗ್ಗೆಯೇ.

ಮುಖಚಹರೆ ನೋಡಿ ಮೋಸಹೋಗುವ ಪದಗಳ ಮಾತು ದೊಡ್ಡದಲ್ಲ. 'ಎಕ್ಸೆರ್ಸೀಸ್' ಎಂದರೆ ವ್ಯಾಯಾಮವಲ್ಲ, ಹಣಕಾಸು ವರ್ಷ. 'ಸ್ಟಾಕ್' ಎಂದರೆ ಗೋದಾಮಿನ ಸರಕು. ಅಮೆರಿಕದವನಿಗೆ ಅದು ಷೇರು. 'ಅಮೋರ್ತಿಸ್ಮಾಂ' ಎಂಬ ಒಂದೇ ಪದವನ್ನು ಇಂಗ್ಲಿಷ್ ಎರಡಾಗಿ ಸೀಳುತ್ತದೆ: ಯಂತ್ರಕ್ಕೆ ಡಿಪ್ರಿಸಿಯೇಶನ್, ಪೇಟೆಂಟಿಗೆ ಅಮಾರ್ಟೈಸೇಶನ್. (ನಮ್ಮ 'ಸವಕಳಿ' ಎಷ್ಟು ಚೆಂದದ ಪದ! ಪೇಟೆಂಟ್ ಹೇಗೆ ಸವೆಯುತ್ತದೆ ಎಂದು ಮಾತ್ರ ಕೇಳಬಾರದು.) ಇವೆಲ್ಲ ವಾರದೊಳಗೆ ರೂಢಿಯಾಗುತ್ತವೆ.

ಅಪಾಯ ಇರುವುದು ಸಲೀಸಾಗಿ ಓದಿಸಿಕೊಳ್ಳುವ ಕಡೆ. ಫ್ರೆಂಚರ ನಿರ್ವಹಣಾ ಲೆಕ್ಕದಲ್ಲಿ 'ಇಬಿಇ' ಎಂಬ ಸಾಲೊಂದಿದೆ. ವ್ಯವಹಾರದಿಂದ ಬಂದ ಒಟ್ಟು ಮಿಗತೆ ಎನ್ನಬಹುದು. ಅನುವಾದಕರು ಕಣ್ಣು ಮುಚ್ಚಿ ಅದನ್ನು 'ಇಬಿಐಟಿಡಿಎ', ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ, ಎಂದು ಬರೆದುಬಿಡುತ್ತಾರೆ. ಒಂದು ಔಷಧ ಕಂಪನಿ ಇದೆ ಎಂದುಕೊಳ್ಳಿ. ಇಬಿಇ 40 ಲಕ್ಷ ಯೂರೊ. ಪರರ ಪೇಟೆಂಟಿಗೆ ಕಟ್ಟಿದ ರಾಯಧನ 10 ಲಕ್ಷ. ಫ್ರೆಂಚ್ ಲೆಕ್ಕಸಂಹಿತೆಯಲ್ಲಿ ರಾಯಧನಕ್ಕೆ 651ನೇ ಖಾತೆ; ಅದು ಕಳೆಯುವುದು ಇಬಿಇ ಸಾಲಿನ ಕೆಳಗೆ. ವಸೂಲಾಗದ ಬಾಕಿಯ 654ನೇ ಖಾತೆಯೂ ಹಾಗೆಯೇ. ಇಂಗ್ಲಿಷ್ ರೂಢಿಯಲ್ಲಾದರೆ ರಾಯಧನ ಮೊದಲೇ ಕಳೆದು 30 ಲಕ್ಷವಷ್ಟೇ ಉಳಿಯುತ್ತಿತ್ತು. ಕಂಪನಿ ಕೊಳ್ಳಲು ಬಂದವನು ಎಂಟರಿಂದ ಗುಣಿಸಿ ಬೆಲೆ ಕಟ್ಟಿದರೆ 80 ಲಕ್ಷದ ವ್ಯತ್ಯಾಸ. ಒಂದು ಪದದ ಆಲಸ್ಯಕ್ಕೆ ಇಷ್ಟು ದಂಡ! ಇದಕ್ಕೆ ನನ್ನ ಬಳಿ ಮಾಫಿ ಇಲ್ಲ.

'ಕೊಮಿಸೇರ್ ಒ ಕೋಂಟ್' ವಿಷಯದಲ್ಲಿ ಅಷ್ಟು ಕಟುವಾಗಲಾರೆ. 'ಲೆಕ್ಕಗಳ ಕಮಿಷನರ್' ಎಂದು ಅಕ್ಷರಶಃ ಬರೆದರೆ ಪೊಲೀಸ್ ಠಾಣೆ ನೆನಪಾಗುತ್ತದೆ. 'ಸ್ಟ್ಯಾಚುಟರಿ ಆಡಿಟರ್' ಎಂಬುದೇ ವಾಸಿ. ಆದರೆ ಬೆಂಗಳೂರಿನಲ್ಲಿ ಕೂತು ಈ ಕಡತ ನೋಡುವ ಸಿಎಗೆ ಅದು ತನ್ನದೇ ಜಾತಿಯವನೆಂಬ ಭ್ರಮೆ ಹುಟ್ಟಿಸುತ್ತದೆ. ಫ್ರಾನ್ಸಿನಲ್ಲಿ ಲೆಕ್ಕ ಬರೆದುಕೊಡುವ 'ಎಕ್ಸ್‌ಪೇರ್ ಕೋಂತಾಬ್ಲ್'ನದು ಬೇರೆಯೇ ವೃತ್ತಿ, ಅದಕ್ಕೆ 1945ರಲ್ಲಿ ಸ್ಥಾಪಿಸಿದ ಬೇರೆಯೇ ಸಂಘ. ಕೊಮಿಸೇರನ ನೇಮಕ ಆರು ಹಣಕಾಸು ವರ್ಷಗಳಿಗೆ. ಅಪರಾಧ ಕಣ್ಣಿಗೆ ಬಿದ್ದರೆ ಅವನು ಸರ್ಕಾರಿ ಅಭಿಯೋಜಕರಿಗೆ ತಿಳಿಸಲೇಬೇಕು. ಸಮೂಹದ ಕ್ರೋಡೀಕೃತ ಲೆಕ್ಕ ಪ್ರಕಟಿಸಲೇಬೇಕಾದ ಕಂಪನಿಗೆ ಕನಿಷ್ಠ ಇಬ್ಬರು ಕೊಮಿಸೇರರು ಬೇಕು. ವರದಿಯ ಕೆಳಗೆ ಎರಡು ಸಂಸ್ಥೆಗಳ ಸಹಿ ಕಂಡಾಗ ಅದು ಅಚ್ಚಿನ ತಪ್ಪಲ್ಲ. ಮೊದಲ ಸಲ ಬಂದಲ್ಲಿ ಫ್ರೆಂಚ್ ಹೆಸರನ್ನೇ ಇಟ್ಟು ಒಂದು ಸಾಲು ವಿವರಿಸಿದ್ದರೆ ಸಾಕಿತ್ತು.

ನಿಜವಾದ ಕೈಚಳಕ ಇರುವುದು ಅಭಿಪ್ರಾಯದ ವಾಕ್ಯದಲ್ಲಿ. 'ಟ್ರೂ ಅಂಡ್ ಫೇರ್ ವ್ಯೂ' ಮೂಲತಃ ಬ್ರಿಟಿಷರ ಮಾತು. 1978ರ ಯುರೋಪಿನ ನಾಲ್ಕನೇ ಕಂಪನಿ ನಿರ್ದೇಶನದ ಮೂಲಕ 'ಇಮಾಜ್ ಫಿದೇಲ್', ಅಂದರೆ ನಿಷ್ಠ ಚಿತ್ರ, ಎಂಬ ವೇಷ ತೊಟ್ಟು 1983ರಲ್ಲಿ ಫ್ರೆಂಚ್ ಕಾನೂನಿಗೆ ಬಂತು. ಈಗ ಅನುವಾದದಲ್ಲಿ ವೇಷ ಕಳಚಿ ತವರಿಗೆ ಮರಳುತ್ತದೆ, ಅದು ನ್ಯಾಯವೇ. ಆದರೆ ಫ್ರೆಂಚ್ ವಾಕ್ಯದಲ್ಲಿ ಅದಕ್ಕೂ ಮೊದಲು ಇನ್ನೆರಡು ಪದಗಳಿವೆ: ಲೆಕ್ಕ ನಿಯಮಬದ್ಧವಾಗಿದೆ, ಪ್ರಾಮಾಣಿಕವಾಗಿದೆ. ಈ ಪ್ರಾಮಾಣಿಕತೆ ಬರೀ ಅಲಂಕಾರವಲ್ಲ. ಲೆಕ್ಕ ಇಟ್ಟವರು ತಮಗೆ ಗೊತ್ತಿದ್ದನ್ನು ಮುಚ್ಚಿಡದೆ ಸದ್ಭಾವದಿಂದ ನಿಯಮ ಅನ್ವಯಿಸಿದ್ದಾರೆ ಎಂದರ್ಥ. ಇಂಗ್ಲಿಷಿನಲ್ಲಿ 'ಸಿನ್ಸಿಯರ್ ಅಕೌಂಟ್ಸ್' ಎಂದರೆ ನಗು ಬರುತ್ತದೆಂದೋ ಏನೋ, ಸಾಮಾನ್ಯವಾಗಿ ಎರಡನ್ನೂ ಕೈಬಿಡುತ್ತಾರೆ. ಕ್ರಿಯಾಪದವೂ ಪಾರಾಗುವುದಿಲ್ಲ. ಫ್ರೆಂಚ್ ಆಡಿಟರ್ 'ನಾವು ದೃಢೀಕರಿಸುತ್ತೇವೆ' ಎಂದು ಬರೆದಿರುತ್ತಾನೆ. ಇಂಗ್ಲಿಷ್ ಪುಟದಲ್ಲಿ ಅದು 'ನಮ್ಮ ಅಭಿಪ್ರಾಯದಲ್ಲಿ' ಎಂದಾಗಿರುತ್ತದೆ, ಕೆಳಗೆ ಅವೇ ಎರಡು ಸಂಸ್ಥೆಗಳ ಹೆಸರು.