ಒಂದು ವಿಶೇಷಣದ ಮರ್ಯಾದೆ

1961ರ ನವೆಂಬರ್‌ನಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸಬಹುದೆಂದು ಅಮೆರಿಕದ ಎಂಐಟಿಯಲ್ಲಿ ಮಾಡಿ ತೋರಿಸಿದರು. ಯಂತ್ರ ಐಬಿಎಂ 709. ವ್ಯವಸ್ಥೆಯ ಹೆಸರು ಕಂಪ್ಯಾಟಿಬಲ್ ಟೈಮ್-ಶೇರಿಂಗ್ ಸಿಸ್ಟಮ್, ಚಿಕ್ಕದಾಗಿ ಸಿಟಿಎಸ್‌ಎಸ್. ಹೊಸತೆಂದು ಮೆರೆಯಬೇಕಾದದ್ದು ಟೈಮ್-ಶೇರಿಂಗ್. ಆದರೆ ಅದಕ್ಕೂ ಮುಂದೆ ನಿಂತಿರುವುದು 'ಹೊಂದಿಕೊಳ್ಳುವ' ಎಂಬ ಮಾತು.

ಯಾರಿಗೆ ಹೊಂದಿಕೊಳ್ಳುವುದು? ರಂಧ್ರ ಹೊಡೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ ಗಂಟೆಗಟ್ಟಲೆ ಕಾಯುತ್ತಿದ್ದ ಬ್ಯಾಚ್ ಬಳಕೆದಾರರಿಗೆ. ಅವರ ಫೋರ್ಟ್ರಾನ್ ಕೆಲಸಗಳನ್ನು ತಿದ್ದಿ ಬರೆಯಬೇಕಾಗಿರಲಿಲ್ಲ. ಹಿನ್ನೆಲೆಯಲ್ಲಿ ಮೊದಲಿನಂತೆಯೇ ಓಡುತ್ತಿದ್ದವು. ಮುಂದೆ ಐಬಿಎಂ 7094ರಲ್ಲಿ ತಲಾ 32 ಸಾವಿರ ವರ್ಡ್‌ಗಳ ಎರಡು ಮೆಮೊರಿಗಳನ್ನು ಇಟ್ಟರು. ಒಂದು ಮೇಲ್ವಿಚಾರಣೆಯ ಪ್ರೋಗ್ರಾಮಿಗೆ, ಇನ್ನೊಂದು ಬಳಕೆದಾರರಿಗೆ. ಹೆಸರಿನಲ್ಲಿ ಕೊಟ್ಟ ಮಾತಿಗೆ ಯಂತ್ರದೊಳಗೇ ಜಾಗ ಮಾಡಿದ್ದರು. ಆ ಕಾಲದ ಹೆಸರುಗಳಲ್ಲಿ ನನಗೆ ಇದರಷ್ಟು ಸಜ್ಜನಿಕೆಯದು ಇನ್ನೊಂದು ಕಾಣಲಿಲ್ಲ.

ಅದೇ ದಶಕದ ಕೊನೆಯ ಭಾಗದಲ್ಲಿ ಎಂಐಟಿಯದೇ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದವರು ಪಿಡಿಪಿ-6 ಯಂತ್ರಕ್ಕೆ ತಮ್ಮದೇ ವ್ಯವಸ್ಥೆ ಬರೆದರು. ಟಾಮ್ ನೈಟ್ ಇಟ್ಟ ಹೆಸರು ಇನ್‌ಕಂಪ್ಯಾಟಿಬಲ್ ಟೈಮ್‌ಶೇರಿಂಗ್ ಸಿಸ್ಟಮ್, ಐಟಿಎಸ್. ಚುರುಕಾದ ಹೆಸರು, ಕೇಳಿದವರು ಮರೆಯುವುದಿಲ್ಲ. ಆದರೂ ಅದು ಅರ್ಧ ವಿಮರ್ಶೆ. ಐಟಿಎಸ್‌ನ ನಿಜವಾದ ಹೆಚ್ಚುಗಾರಿಕೆ ಅದರ ತೆರೆದ ಬಾಗಿಲು: ಮೊದಮೊದಲು ಪಾಸ್‌ವರ್ಡ್ ಇರಲಿಲ್ಲ, ಒಬ್ಬರ ಫೈಲನ್ನು ಇನ್ನೊಬ್ಬರು ತೆರೆದು ತಿದ್ದಬಹುದಿತ್ತು. ಇಷ್ಟು ಉದಾರವಾದ ವ್ಯವಸ್ಥೆಯ ಹೆಸರು ಆ ಔದಾರ್ಯದ ಬಗ್ಗೆ ಚಕಾರವೆತ್ತದೆ, ತಾನು ಯಾರಂತಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಸಿಟಿಎಸ್‌ಎಸ್ ಗೊತ್ತಿಲ್ಲದವರಿಗೆ ಅದೂ ತಿಳಿಯದು.

ಯುನಿಕ್ಸ್ ಕೂಡ ಹುಟ್ಟಿದ್ದು ಕೆಣಕುವ ಹೆಸರಿನಿಂದಲೇ. ಹಲವರು ಹಂಚಿಕೊಳ್ಳುವ ದೊಡ್ಡ ವ್ಯವಸ್ಥೆಯೊಂದನ್ನು ಕಟ್ಟುವ ಮಲ್ಟಿಕ್ಸ್ ಯೋಜನೆಯಿಂದ ಬೆಲ್ ಲ್ಯಾಬ್ಸ್ 1969ರಲ್ಲಿ ಹೊರಬಂತು. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಪುಟ್ಟ ಪಿಡಿಪಿ-7ರ ಮೇಲೆ ಕಟ್ಟಿದ್ದಕ್ಕೆ 'ಮಲ್ಟಿ' ಎಂಬ 'ಬಹು'ವಿನ ಎದುರು 'ಯುನಿ' ಎಂಬ 'ಏಕ' ಬಂತು. ಆಮೇಲೆ ಕೊನೆಯ ಕಾಗುಣಿತ ಬದಲಾಗಿ, ಬಿಡಿಸಿ ಹೇಳಬೇಕಾದ ವಿಸ್ತರಣೆಯೇ ಕಳಚಿಹೋಯಿತು. ಮಲ್ಟಿಕ್ಸ್ ಏನೆಂದು ತಿಳಿಯದವರೂ ಇಂದು ಆ ಹೆಸರನ್ನು ಸಲೀಸಾಗಿ ಬಳಸುತ್ತಾರೆ. ಐಟಿಎಸ್‌ಗೆ ಈ ಬಿಡುಗಡೆ ಸಿಗಲಿಲ್ಲ.

ಒಳಗೆ ನೋಡಿದರೆ ಐಟಿಎಸ್ ಅಷ್ಟೇನೂ ಹೊಂದದ್ದಾಗಿರಲಿಲ್ಲ. ಎರಡೂ ಕಡೆಯ ಯಂತ್ರಗಳದು 36 ಬಿಟ್‌ಗಳ ವರ್ಡ್. ಅದರಲ್ಲಿ 6 ಬಿಟ್‌ಗಳ ಆರು ಅಕ್ಷರಗಳು ಹಿಡಿಸುತ್ತವೆ. ಹಾಗಾಗಿ ಸಿಟಿಎಸ್‌ಎಸ್‌ನ ಫೈಲಿಗೆ ಆರಾರು ಅಕ್ಷರಗಳ ಎರಡು ಹೆಸರು. ಐಟಿಎಸ್‌ನ ಫೈಲಿಗೂ ಆರಾರು ಅಕ್ಷರಗಳ ಎರಡೇ ಹೆಸರು.