ಎಣ್ಣೆ ದೀಪದ ಕಾಡಿಗೆ

ಗೋವೆಗೆ ಹೋಗಿಬಂದ ನಮ್ಮ ಮುಂಡಗೋಡ, ಹಳಿಯಾಳ ಕಡೆಯ ಹುಡುಗರ ಭುಜಗಳನ್ನು ನೋಡಿ ತಲೆ ಕೆಟ್ಟಿದೆ. ಎಲ್ಲರ ಟ್ಯಾಟೂವೂ ಅದೇ ಕಪ್ಪು ಬಳ್ಳಿ, ಅದೇ ಕೊಕ್ಕೆ. ಏನಪ್ಪಾ ಇದು ಅಂದರೆ ‘ಟ್ರೈಬಲ್’ ಅನ್ನುತ್ತಾರೆ. ಯಾವ ಬುಡಕಟ್ಟಿನದು ಅಂದರೆ ಮುಖ ಮುಖ ನೋಡುತ್ತಾರೆ. ಟ್ಯಾಟೂ ಅಂಗಡಿಯ ಆಲ್ಬಮ್ಮಿನಲ್ಲಿತ್ತಂತೆ.

ಈ ‘ಟ್ರೈಬಲ್’ ಪಂಥದ ಒಂದು ಬೇರು ಬೋರ್ನಿಯೋ ದ್ವೀಪದಲ್ಲಿದೆ. ಅಲ್ಲಿನ ಕಯಾನ್ ಬುಡಕಟ್ಟಿನ ಹಚ್ಚೆಯ ಬಗ್ಗೆ ಚಾರ್ಲ್ಸ್ ಹೋಸ್ ಮತ್ತು ವಿಲಿಯಂ ಮೆಕ್‌ಡೂಗಲ್ 1912ರಲ್ಲಿ ಬರೆದದ್ದನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಆಗ ಕಯಾನರಲ್ಲಿ ಹಚ್ಚೆ ಹಾಕುತ್ತಿದ್ದವರು ಹೆಂಗಸರು ಮಾತ್ರ. ತನ್ನ ಮಕ್ಕಳು ಎಳೆಯರಾಗಿರುವಷ್ಟು ಕಾಲ ಹಚ್ಚೆಯವಳು ಸೂಜಿ ಮುಟ್ಟುವಂತಿರಲಿಲ್ಲ. ಕಟ್ಟಿಗೆಯ ಅಚ್ಚಿಗೆ ಮಸಿ ಬಳಿದು ಮೊದಲು ಮೈಮೇಲೆ ಚಿತ್ತಾರ ಒತ್ತುತ್ತಿದ್ದಳು, ಆಮೇಲೆ ಸೂಜಿಯ ಕೋಲನ್ನು ಸಣ್ಣ ಸುತ್ತಿಗೆಯಿಂದ ಕುಟ್ಟುತ್ತಿದ್ದಳು. ಬಣ್ಣವೆಂದರೆ ಮಸಿ, ನೀರು, ಕಬ್ಬಿನ ಹಾಲು. ಬಿತ್ತನೆಯ ಕಾಲದಲ್ಲಿ, ಮನೆಯಲ್ಲಿ ಹೆಣವಿರುವಾಗ ಹಚ್ಚೆಯ ಮಾತೇ ಇರಲಿಲ್ಲ. ಹುಡುಗಿಗೆ ಹತ್ತು ವರ್ಷವಾಗುವ ಹೊತ್ತಿಗೆ ಬೆರಳು, ಪಾದಗಳಿಂದ ಶುರುವಾದದ್ದು ಮುಂಗೈ, ತೊಡೆ ಮುಗಿಯಲು ವರ್ಷಗಳೇ ಬೇಕಾಗುತ್ತಿತ್ತು. ಸತ್ತ ಮೇಲೆ ಕತ್ತಲ ದಾರಿಯಲ್ಲಿ ಆ ಹಚ್ಚೆಯೇ ಪಂಜಾಗಿ ಉರಿಯುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಇಷ್ಟೆಲ್ಲ ಕಟ್ಟುಪಾಡಿನ ವಸ್ತುವನ್ನು ನಮ್ಮ ಹುಡುಗ ಬಿಯರ್ ಕುಡಿದು ಅರ್ಧ ಗಂಟೆಯಲ್ಲಿ ಹಾಕಿಸಿಕೊಂಡು ಬರುತ್ತಾನೆ.

ನಮ್ಮಲ್ಲೂ ಸೂಜಿ ಹೆಂಗಸರ ಕೈಯಲ್ಲೇ ಇತ್ತು. ಕೊರವರ ಹೆಂಗಸರು ಊರೂರು ಸುತ್ತಿ, ಕಣಿ ಹೇಳಿ, ಹಚ್ಚೆ ಹಾಕಿ ಅಕ್ಕಿ, ಎಲೆಯಡಿಕೆ, ಹಳೇ ಸೀರೆ ಪಡೆದು ಹೋಗುತ್ತಿದ್ದರು. ಮೂರ್ನಾಲ್ಕು ಸೂಜಿಯನ್ನು ದಾರದಿಂದ ಬಿಗಿದು, ಎಡಗೈ ಹೆಬ್ಬೆರಳಿನಿಂದ ಚರ್ಮ ಜಗ್ಗಿ ಹಿಡಿದು ಚುಕ್ಕಿಯ ಪಕ್ಕ ಚುಕ್ಕಿ ಚುಚ್ಚಬೇಕು. ರಕ್ತ ಒರೆಸಿ, ಕಾಡಿಗೆ ತಿಕ್ಕಿ, ಮೇಲೆ ಅರಿಸಿನ ಹಚ್ಚಬೇಕು. ನೋವು ಮರೆಯಲು ಹಾಡು. ತುಳಸಿಕಟ್ಟೆ, ತೊಟ್ಟಿಲು, ಚೇಳು, ನವಿಲು, ಹಣೆಗೆ ಗಲ್ಲಕ್ಕೆ ಚುಕ್ಕಿ. ಬಾಯಿಬಿಟ್ಟು ಹೇಳಬಾರದ ಗಂಡನ ಹೆಸರು ಮುಂಗೈ ಮೇಲೆ ರಾಜಾರೋಷವಾಗಿ ಕೂರುತ್ತಿತ್ತು. ಹೆಣದ ಮೈಯಿಂದ ಮೂಗುತಿ ತೆಗೆಯಬಹುದು, ಹಚ್ಚೆ ತೆಗೆಯಲಾಗದು ಎನ್ನುತ್ತಿದ್ದರು ಅಜ್ಜಿಯರು. ಕಯಾನರ ಪಂಜಿಗೆ ಇದೇನೂ ಕಡಿಮೆಯದಲ್ಲ.

ಕಾಡಿಗೆಯೆಂದರೆ ಎಣ್ಣೆ ದೀಪದ ಮೇಲೆ ಮಡಕೆಯ ಚೂರು ಬೋರಲು ಹಾಕಿ ಹಿಡಿದ ಮಸಿ. ಮುಂಡಗೋಡ ತಾಲೂಕಿನ ಚಿಗಳ್ಳಿ ಎಣ್ಣೆಯಿಲ್ಲದೆ ಉರಿಯುತ್ತಿದ್ದವು ಎನ್ನಲಾದ ದೀಪಗಳಿಂದ ಹೆಸರಾಗಿದ್ದ ಊರು, ಆದರೆ ನಮ್ಮ ಕಸುಬಿಗೆ ಎಣ್ಣೆ ಕುಡಿಯುವ ದೀಪವೇ ಬೇಕು! ಆ ಮಸಿ ಬಹುಪಾಲು ಇಂಗಾಲ. ಚರ್ಮದ ಒಳಪದರದಲ್ಲಿ ಕೂತರೆ ಮೈಯ ಕಾವಲು ಕೋಶಗಳು ಅದನ್ನು ನುಂಗುತ್ತವೆ, ಅರಗಿಸಿಕೊಳ್ಳಲಾರವು. ಒಂದು ಕೋಶ ಸತ್ತರೆ ಅದರ ಮಸಿಯನ್ನು ಇನ್ನೊಂದು ಎತ್ತಿಕೊಳ್ಳುತ್ತದೆ ಎಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಆದರೂ ವರ್ಷ ಕಳೆದಂತೆ ಮಸಿ ಒಂದಿಷ್ಟು ಹರಡುತ್ತದೆ. ಒತ್ತೊತ್ತಾಗಿ ಶೇಡಿಂಗ್ ತುಂಬಿದ ಹುಲಿಮುಖ ಕಲೆಯಾಗುತ್ತದೆ. ನಡುವೆ ಜಾಗ ಬಿಟ್ಟು ಹಾಕಿದ ಅಜ್ಜಿಯ ಚುಕ್ಕಿ ಹಸಿರಾಗುತ್ತದೆ, ಚುಕ್ಕಿಯಾಗಿಯೇ ಇರುತ್ತದೆ. ಮಶಿನ್ನಿನಲ್ಲಿ ಟ್ಯಾಟೂ ಹಾಕುವ ಪಂಥದವರ ಜೊತೆ ನನ್ನ ಹಳೆಯ ಜಗಳ ಇದೇ.

ಅವರ ಒಂದು ಮಾತು ಮಾತ್ರ ಖರೆ. ಊರಿಗೆಲ್ಲ ಒಂದೇ ಸೂಜಿ ಕಟ್ಟು ಬಳಸುವುದು ಇವತ್ತು ನಡೆಯದು, ಕಾಮಾಲೆ, ಎಚ್ಐವಿ ಭಯವಿದೆ. ಹೊಸ ಸೂಜಿಯಲ್ಲಿ, ಶುದ್ಧ ಮಸಿಯಲ್ಲಿ ಹಳೇ ಚಿತ್ತಾರ ಹಾಕಲು ಅಡ್ಡಿಯೇನು? ಅಡ್ಡಿ ಒಂದೇ: ಆಲ್ಬಮ್ಮಿನಲ್ಲಿ ಅದಿಲ್ಲ. ಮುಂಡಗೋಡ, ಹಳಿಯಾಳದ ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಹಚ್ಚೆಯಿರುವ ಅಜ್ಜಿಯಿದ್ದರೆ, ಆಕೆಯ ಮುಂಗೈ ಚಿತ್ತಾರವನ್ನು ಹಾಳೆಗೆ ಇಳಿಸಿ, ಪ್ರತಿಯೊಂದರ ಹೆಸರು ಕೇಳಿ ಪಕ್ಕದಲ್ಲಿ ಬರೆದು ಕಳಿಸಿ. ಬಂದದ್ದನ್ನೆಲ್ಲ ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇನೆ.