ಪಾಲಾರ್ ದಾರಿಯ ಸ್ಮಾರಕಚಿತ್ರಗಳು: ನೋಡುವ ಬಗೆ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆ ಇಳಿಯುವ ರಸ್ತೆಯಲ್ಲಿ ಪಾಲಾರ್ ಸಿಗುತ್ತದೆ. ಚೆಕ್‌ಪೋಸ್ಟ್, ಹಳ್ಳ, ಕುರುಚಲು ಕಾಡು, ಆಚೆಗೆ ತಮಿಳುನಾಡು. ಇಲ್ಲಿ ತೆಗೆದ ಫೋಟೊ ಸುಮ್ಮನೆ ನೋಡಿದರೆ ಒಂದು ಕಾಡುದಾರಿ, ಅಷ್ಟೆ. 1993ರ ಏಪ್ರಿಲ್ 9ರಂದು ಈ ಆಸುಪಾಸಿನಲ್ಲೇ ಕಾಡುಗಳ್ಳ ವೀರಪ್ಪನ್ ತಂಡದ ನೆಲಬಾಂಬು ಸಿಡಿದು ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು ಸೇರಿ 22 ಮಂದಿ ಸತ್ತರೆಂದು ಗೊತ್ತಿದ್ದವರ ಕಣ್ಣು ಮಾತ್ರ ಆ ದಾರಿಯ ಮೇಲೆ ನಿಲ್ಲುತ್ತದೆ. ಹಾಗಾಗಿ ಮೊದಲು ಚಿತ್ರದ ಅಡಿಬರಹ ಓದಿ. ಸ್ಥಳ, ತಾರೀಖು ಬರೆಯದ ಸ್ಮಾರಕಚಿತ್ರ ಎಷ್ಟೇ ಅಂದವಾಗಿರಲಿ, ನನ್ನ ಮಟ್ಟಿಗೆ ಅರೆಬರೆಯೇ.

ಆಮೇಲೆ ಬೆಳಕು. ನಮ್ಮ ಊರೂರಿನ ವೀರಗಲ್ಲುಗಳೇ ಇದಕ್ಕೆ ಪಾಠಶಾಲೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಓದಬೇಕು. ನಡುಹಗಲಿನ ಬಿಸಿಲಲ್ಲಿ ತೆಗೆದರೆ ಕೆತ್ತನೆಯೆಲ್ಲ ಚಪ್ಪಟೆ. ಬೆಳಗ್ಗೆಯೋ ಸಂಜೆಯೋ ಓರೆಬಿಸಿಲು ಬಿದ್ದಾಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಚಿತ್ರಗಾರ ಆ ಬೆಳಕಿಗಾಗಿ ಕಾದಿದ್ದಾನೋ ಇಲ್ಲವೋ ಎನ್ನುವುದನ್ನು ನೆರಳೇ ಹೇಳಿಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯ, ಚಿತ್ರದ ಚೌಕಟ್ಟಿನೊಳಗೆ ಏನೇನಿದೆ ಎಂಬುದು. ಗೋಪಿನಾಥಂ ಬಳಿಯ ಎರಕೆಯಂ ಕಾಡಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಸ್ಮಾರಕವಿದೆ. ವೀರಪ್ಪನ್ ಶರಣಾಗುತ್ತಾನೆಂದು ನಂಬಿ, 1991ರ ನವೆಂಬರ್ 10ರಂದು ಅವರು ಬರಿಗೈಯಲ್ಲಿ ಅಲ್ಲಿಗೆ ನಡೆದು ಹೋದರು, ಕೊಲೆಯಾದರು. ಸರ್ಕಾರ ಮರಣೋತ್ತರ ಕೀರ್ತಿಚಕ್ರ ಕೊಟ್ಟಿತು. ಸ್ಮಾರಕವನ್ನಷ್ಟೇ ಹತ್ತಿರದಿಂದ ತೆಗೆದ ಪಟದಲ್ಲಿ ಆ ನಡಿಗೆ ಇರುವುದಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು ಕಾಲುದಾರಿ, ಸುತ್ತಲಿನ ಪೊದೆ, ಊರಿನಿಂದ ಎಷ್ಟು ದೂರವೆಂಬ ಅಂದಾಜು, ಇಷ್ಟನ್ನೂ ಒಳಗೆ ತಂದವನೇ ಜಾಣ. ಗೋಪಿನಾಥಂನಲ್ಲಿ ಅವರು ಕಟ್ಟಿಸಿದ ಮಾರಿಯಮ್ಮನ ಗುಡಿಯ ಚಿತ್ರವೂ ಅವರ ಸ್ಮಾರಕಚಿತ್ರವೇ. ಅದೇ ಊರಿಗೆ ಹೋಗಿ ‘ವೀರಪ್ಪನ್ ಹುಟ್ಟಿದೂರು’ ಎಂದು ಮೀಸೆ ತಿರುವಿ ಸೆಲ್ಫಿ ತೆಗೆದುಕೊಳ್ಳುವವರೂ ಉಂಟು. ಅವರ ಮಾತು ಬಿಡಿ.

ಕಲ್ಲು ನೆಡದ ನೆನಪುಗಳೂ ಈ ಬೆಟ್ಟಗಳಲ್ಲಿವೆ. ವೀರಪ್ಪನ್‌ನನ್ನು ಹಿಡಿಯುವ ಪೊಲೀಸ್ ಕಾರ್ಯಾಚರಣೆಯ ಕಾಲದಲ್ಲಿ ಹಿಂಸೆಗೊಳಗಾದ ಹಳ್ಳಿಗರ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ಆಲಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಶಿಫಾರಸು ಮಾಡಿತು. ಅವರ ಹೆಸರಿನ ಫಲಕಕ್ಕಾಗಿ ಹುಡುಕಬೇಡಿ. ಒಂದು ಮನೆಯ ಜಗಲಿ, ಒಬ್ಬ ಅಜ್ಜಿಯ ಮುಖವೇ ಅಲ್ಲಿ ಸ್ಮಾರಕ. ಅಂಥ ಚಿತ್ರ ಕಂಡರೆ, ಅಜ್ಜಿ ಕ್ಯಾಮೆರಾ ಕಡೆ ಒಪ್ಪಿ ನೋಡುತ್ತಿದ್ದಾರೋ, ಮುಖ ತಿರುಗಿಸಿದ್ದಾರೋ ಗಮನಿಸಿ. ಕೇಳದೆ ಕದ್ದು ತೆಗೆದದ್ದಾದರೆ ನಾನು ಮೆಚ್ಚುವುದಿಲ್ಲ.

ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ, ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. ಇಂಥ ದಿನಗಳಲ್ಲಿ ನೀವೇ ಕ್ಯಾಮೆರಾ ಹಿಡಿದು ಹೊರಡುವುದಾದರೆ ನೆನಪಿಡಿ, ಇದು ವನ್ಯಧಾಮದ ಕಾಡು. ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಳಗೆ ಹೋಗಿ.